ಮಡಚುವ ಫೋನು: ಫ್ಲಿಪ್ಪೋ, ಫೋಲ್ಡೋ, ಎರಡೂ ಬೇಡವೋ?

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಸಲ ಯಾವ ವಿಷಯ ಮಾತಾಡಲಿ ಎಂದು ಕೇಳಿದಾಗ ಕಾರ್ಯದರ್ಶಿಯವರು ತಡಮಾಡದೆ ಹೇಳಿದರು: "ಮಡಚುವ ಫೋನಿನ ಬಗ್ಗೆ ಹೇಳಮ್ಮ. ಮಗ ಕೊಡಿಸುತ್ತೇನೆ ಅನ್ನುತ್ತಿದ್ದಾನೆ. ಉದ್ದಕ್ಕೆ ಮಡಚುವುದು ಒಳ್ಳೆಯದೋ, ಅಡ್ಡಕ್ಕೆ ಮಡಚುವುದು ಒಳ್ಳೆಯದೋ, ನನಗೆ ಗೊತ್ತಾಗುತ್ತಿಲ್ಲ." ಅವರೊಬ್ಬರದೇ ಅಲ್ಲ, ನಮ್ಮಲ್ಲಿ ಇನ್ನೂ ನಾಲ್ಕಾರು ಜನರ ಪ್ರಶ್ನೆಯೂ ಇದೇ. ನಾನು ಸಾಫ್ಟ್‌ವೇರ್ ಕೆಲಸದವಳು, ಫೋನು ಮಾರುವವಳಲ್ಲ. ಹಾಗಾಗಿ ಇಂಥದ್ದನ್ನೇ ಕೊಳ್ಳಿ ಎಂದು ಹೇಳಲಾರೆ. ಕೊಳ್ಳುವ ಮುಂಚೆ ಏನೇನು ನೋಡಬೇಕು ಎಂಬುದನ್ನು ಹೇಳುತ್ತೇನೆ.

ಬಲು ದುಬಾರಿ ವಸ್ತು ಇದು. ಐದು ಸಾವಿರದ ಸೀರೆಗೆ ನಾವು ಹತ್ತು ಸೀರೆ ಬಿಚ್ಚಿಸುತ್ತೇವೆ, ಬೆಳಕಿಗೆ ಹಿಡಿಯುತ್ತೇವೆ, ಸೆರಗು ನೋಡುತ್ತೇವೆ. ಫೋನಿನ ವಿಷಯ ಬಂದರೆ ಮಾತ್ರ "ನಿಮಗೆ ಯಾವುದು ಸರಿ ಕಾಣುತ್ತೋ ಅದು" ಎಂದು ಮನೆಯವರಿಗೆ ಬಿಟ್ಟುಬಿಡುತ್ತೇವೆ. ಇನ್ನೂ ಹೆಚ್ಚಿನ ಮನೆಗಳಲ್ಲಿ ಹೊಸ ಫೋನು ಯಜಮಾನರಿಗೆ ಅಥವಾ ಮಗನಿಗೆ, ಅವರ ಹಳೆಯದು ನಮಗೆ. ಈ ಅಭ್ಯಾಸ ಸ್ವಲ್ಪ ಸಡಿಲವಾದರೂ ಇವತ್ತು ನಾನು ಮಾತಾಡಿದ್ದು ಸಾರ್ಥಕ.

ಮೊದಲು ಈ ಫೋನುಗಳಲ್ಲಿ ಎಷ್ಟು ಜಾತಿ ಎಂದು ನೋಡೋಣ. ಮುಖ್ಯವಾಗಿ ಎರಡು. ಒಂದು ಫ್ಲಿಪ್. ಇದು ಡಬ್ಬಿಯ ಮುಚ್ಚಳದಂತೆ ಮೇಲಿನಿಂದ ಕೆಳಕ್ಕೆ ಮಡಚುತ್ತದೆ. ಬಿಚ್ಚಿದರೆ ಮಾಮೂಲಿ ಫೋನು, ಮುಚ್ಚಿದರೆ ಅದರರ್ಧ. ಇನ್ನೊಂದು ಫೋಲ್ಡ್. ಇದು ಪುಸ್ತಕದಂತೆ ತೆರೆಯುತ್ತದೆ. ಮುಚ್ಚಿದರೆ ಮಾಮೂಲಿ ಫೋನು, ಬಿಚ್ಚಿದರೆ ಅದರ ಎರಡರಷ್ಟು. ಈ ಒಂದು ವ್ಯತ್ಯಾಸ ನೆನಪಿಟ್ಟುಕೊಂಡರೆ ಅರ್ಧ ನಿರ್ಧಾರ ಆದಂತೆಯೇ. ಫ್ಲಿಪ್ ಎಂದರೆ ಸಣ್ಣದಾಗುವ ಫೋನು, ಫೋಲ್ಡ್ ಎಂದರೆ ದೊಡ್ಡದಾಗುವ ಫೋನು. ನಿಮ್ಮ ಈಗಿನ ಫೋನು ಸಣ್ಣದಾಗಿದ್ದರೆ ಚೆನ್ನಾಗಿತ್ತು ಅನಿಸುತ್ತದೆಯೋ, ದೊಡ್ಡದಾಗಿದ್ದರೆ ಚೆನ್ನಾಗಿತ್ತು ಅನಿಸುತ್ತದೆಯೋ? ಎರಡೂ ಅನಿಸುವುದಿಲ್ಲ ಎಂದಾದರೆ ನಿಮಗೆ ಮಡಚುವ ಫೋನೇ ಬೇಕಿಲ್ಲ.

ಮೂರನೆಯ ಜಾತಿಯೂ ಬಂದಿದೆ, ಮೂರು ಮಡಿಕೆಯದು. ಹುವಾವೇ ಕಂಪನಿ 2024ರ ಸೆಪ್ಟೆಂಬರಿನಲ್ಲಿ ಚೀನಾದಲ್ಲಿ ಮೇಟ್ ಎಕ್ಸ್‌ಟಿ ಎಂಬುದನ್ನು ತಂದಿತು. ಪೂರ್ತಿ ಬಿಚ್ಚಿದರೆ 10.2 ಇಂಚು, ಬಿಡುಗಡೆಯ ಬೆಲೆ 19,999 ಯುವಾನ್‌ನಿಂದ ಶುರುವಾಗಿತ್ತು. 2025ರ ಡಿಸೆಂಬರಿನಲ್ಲಿ ಸ್ಯಾಮ್‌ಸಂಗ್ ಕೊರಿಯಾದಲ್ಲಿ 10 ಇಂಚಿನ ಟ್ರೈಫೋಲ್ಡ್ ತಂದಿತು. ಅದರ ತೂಕ 309 ಗ್ರಾಂ. ಒಂದು ಕೈಯಲ್ಲಿ ಹಿಡಿದು ಮೊಮ್ಮಗಳ ಜೊತೆ ಅರ್ಧ ಗಂಟೆ ವಿಡಿಯೊ ಕಾಲ್ ಮಾಡುವ ವಸ್ತುವಲ್ಲ. ಇದನ್ನು ಇಲ್ಲಿಗೇ ಬಿಡೋಣ.

ಮಡಚುವ ಪರದೆಯ ಕಥೆಗೆ ವಯಸ್ಸು ಹೆಚ್ಚಾಗಿಲ್ಲ. 2018ರ ಕೊನೆಯಲ್ಲಿ ರೊಯೋಲ್ ಎಂಬ ಚೀನಾ ಕಂಪನಿ ಫ್ಲೆಕ್ಸ್‌ಪೈ ಎಂಬ ಫೋನು ತಂದಿತು. 2019ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಮೊದಲ ಗ್ಯಾಲಕ್ಸಿ ಫೋಲ್ಡ್ ಘೋಷಿಸಿತು. ಏಪ್ರಿಲ್‌ನಲ್ಲಿ ವಿಮರ್ಶಕರ ಕೈಗೆ ಕೊಟ್ಟಾಗ ಕೆಲವು ಫೋನುಗಳ ಪರದೆ ಒಂದೆರಡು ದಿನದಲ್ಲೇ ಕೆಟ್ಟಿತು. ಮೇಲಿನ ಪದರವನ್ನು ಹೊಸ ಫೋನಿಗೆ ಅಂಟಿಸಿ ಕಳಿಸುವ ಪ್ಲಾಸ್ಟಿಕ್ ಎಂದುಕೊಂಡು ಕೆಲವರು ಕಿತ್ತಿದ್ದರು. ಅದು ಪರದೆಯದೇ ಭಾಗವಾಗಿತ್ತು. ಬಿಡುಗಡೆ ಮುಂದೆ ಹೋಗಿ, ತಿದ್ದುಪಡಿಯಾಗಿ ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಂತು. ನಮ್ಮಲ್ಲಿ ಅದರ ಬೆಲೆ 1,64,999 ರೂಪಾಯಿ. 2004ರ ಮೋಟೊರೋಲಾ ರೇಜರ್ ಫೋನು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಟಪ್ ಎಂದು ಮುಚ್ಚುತ್ತಿದ್ದದ್ದು. ಅದೇ ಹೆಸರಿನಲ್ಲಿ 2019ರ ನವೆಂಬರಿನಲ್ಲಿ ಮಡಚುವ ಪರದೆಯ ರೇಜರ್ ಘೋಷಣೆಯಾಯಿತು. 2020ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್‌ನ ಫ್ಲಿಪ್ ಬಂತು.

ಗಾಜು ಮಡಚುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ದಪ್ಪ ಗಾಜು ಬಾಗಿದರೆ ಒಡೆಯುತ್ತದೆ, ಯಾಕೆಂದರೆ ಬಾಗಿದಾಗ ಅದರ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ತೆಳುವಾದಷ್ಟೂ ಈ ಎಳೆತ ಕಡಿಮೆ. ಮೊದಲ ಫ್ಲಿಪ್‌ನಲ್ಲಿ ಬಳಸಿದ ಗಾಜು ಸುಮಾರು 30 ಮೈಕ್ರಾನ್, ನಮ್ಮ ಕೂದಲೆಳೆಗಿಂತ ತೆಳು. ಅದರ ಮೇಲೆ ಪ್ಲಾಸ್ಟಿಕ್‌ನ ಪದರ. ನೀವು ಬೆರಳಿಡುವುದು ಆ ಪ್ಲಾಸ್ಟಿಕ್ ಮೇಲೆ, ಗಾಜಿನ ಮೇಲಲ್ಲ.

ಮಡಿಕೆ ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಸೀರೆ ಎಲ್ಲಿ ಪಿಸಿಯುತ್ತದೆ? ಆ ಮಡಿಕೆಯ ಗೆರೆಯಲ್ಲೇ. ಅದಕ್ಕೇ ಅಮ್ಮಂದಿರು ವರ್ಷಕ್ಕೊಮ್ಮೆ ಸೀರೆ ತೆಗೆದು, ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಇಡುತ್ತಿದ್ದರು. ಫೋನಿನ ತೊಂದರೆ ಏನೆಂದರೆ ಅದರ ಮಡಿಕೆ ಬದಲಿಸಲು ಬರುವುದಿಲ್ಲ. ಪ್ರತಿ ಸಲವೂ ಅದೇ ಗೆರೆ. ಹಾಗಾಗಿ ಇಂಜಿನಿಯರುಗಳು ಮಡಿಕೆಯನ್ನೇ ಸಡಿಲ ಮಾಡಿದರು. ಈಗಿನ ಕೀಲುಗಳಲ್ಲಿ, ಅಂದರೆ ಹಿಂಜ್‌ಗಳಲ್ಲಿ, ಪರದೆ ಚಪ್ಪಟೆಯಾಗಿ ಒತ್ತಿಕೊಳ್ಳುವುದಿಲ್ಲ. ಒಳಗೆ ನೀರಿನ ಹನಿಯ ಆಕಾರದಲ್ಲಿ ದುಂಡಗೆ ಸುತ್ತಿಕೊಳ್ಳುತ್ತದೆ. ಸೀರೆಯ ಮಡಿಕೆಯೊಳಗೆ ಒಂದು ಬಟ್ಟೆಯ ಸುರುಳಿ ಇಟ್ಟಂತೆ. ಗೆರೆ ಪೂರ್ತಿ ಹೋಗಿಲ್ಲ, ಬೆರಳಾಡಿಸಿದರೆ ತಿಳಿಯುತ್ತದೆ, ಓದುವಾಗ ಕಾಡುವುದಿಲ್ಲ.

ಇಂಥ ಫೋನುಗಳನ್ನು ಯಂತ್ರಕ್ಕೆ ಕೊಟ್ಟು 2 ಲಕ್ಷ ಸಲ ಮಡಚಿ ಪರೀಕ್ಷಿಸುತ್ತೇವೆ ಎಂದು ಕಂಪನಿಗಳು ಹೇಳುತ್ತಿದ್ದವು. ದಿನಕ್ಕೆ ನೂರು ಸಲ ಲೆಕ್ಕ ಹಾಕಿದರೆ ಐದೂವರೆ ವರ್ಷ. ಈಚಿನ ಪರದೆಗಳಿಗೆ 5 ಲಕ್ಷದ ಲೆಕ್ಕ ಕೊಡುತ್ತಾರೆ. ಆದರೆ ಯಂತ್ರದ ಕೈಯಲ್ಲಿ ಬಳೆ ಇರುವುದಿಲ್ಲ, ಉಗುರು ಇರುವುದಿಲ್ಲ, ಪಕ್ಕದಲ್ಲಿ ಪರ್ಸಿನ ಕಸ ಇರುವುದಿಲ್ಲ. ಮಡಿಕೆಗಿಂತ ಹೆಚ್ಚಾಗಿ ನಾವು ಹೆದರಬೇಕಾದ್ದು ಕಸಕ್ಕೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಫ್ಲಿಪ್ ಯಾರಿಗೆ ಎಂದು ನೋಡೋಣ. ಉದಾಹರಣೆಗೆ 2025ರ ಜುಲೈಯಲ್ಲಿ ಬಂದ ಗ್ಯಾಲಕ್ಸಿ ಜೆಡ್ ಫ್ಲಿಪ್ 7. ಬಿಡುಗಡೆಯ ಬೆಲೆ 1,09,999 ರೂಪಾಯಿ, ತೂಕ 188 ಗ್ರಾಂ. ಬಿಚ್ಚಿದರೆ 6.9 ಇಂಚು, ಮುಚ್ಚಿದರೆ ಸುಮಾರು ಎಂಟೂವರೆ ಸೆಂಟಿಮೀಟರ್ ಉದ್ದ, ಏಳೂವರೆ ಅಗಲ. ಹೊರಗಡೆ 4.1 ಇಂಚಿನ ಸಣ್ಣ ಪರದೆ. ಅದೇ ವರ್ಷ ಮೇ ತಿಂಗಳಲ್ಲಿ ಮೋಟೊರೋಲಾ ರೇಜರ್ 60 ಬಂದದ್ದು 49,999ಕ್ಕೆ. ಮಡಚುವ ಫೋನುಗಳಲ್ಲಿ ಮಧ್ಯಮ ವರ್ಗದ ಕೈಗೆ ಎಟುಕುವುದು ಈ ಜಾತಿಯೇ.

ಫ್ಲಿಪ್‌ನ ದೊಡ್ಡ ಲಾಭ ಅದನ್ನು ಇಟ್ಟುಕೊಳ್ಳುವ ಜಾಗ. ಸೀರೆಗೆ ಜೇಬಿಲ್ಲ, ಕುರ್ತಿಗೆ ಇದ್ದರೂ ಮೂರು ಬೆರಳು ಹೋಗುವಷ್ಟು. ಫ್ಲಿಪ್ ಸಣ್ಣ ಬಟ್ವೆಯಲ್ಲೂ ಕೂರುತ್ತದೆ. ಎರಡನೆಯ ಲಾಭ, ಅದು ತಾನೇ ನಿಲ್ಲುತ್ತದೆ. ಅರ್ಧ ಮಡಚಿ ಮೇಜಿನ ಮೇಲಿಟ್ಟರೆ ಸ್ಟ್ಯಾಂಡ್ ಬೇಕಿಲ್ಲ. ನನ್ನ ನಾದಿನಿ ಡೊಂಬಿವಲಿಯಲ್ಲಿ ಭರತನಾಟ್ಯ ಕಲಿಸುತ್ತಾಳೆ. ಅಡವುಗಳನ್ನು ರೆಕಾರ್ಡ್ ಮಾಡಿ ಮಕ್ಕಳ ಮನೆಗೆ ಕಳಿಸಬೇಕು. ಫೋನನ್ನು ನೆಲದ ಮೇಲೆ ಅರ್ಧ ಮಡಚಿಟ್ಟು, ಹಿಂದಿನ ಒಳ್ಳೆಯ ಕ್ಯಾಮರಾದಿಂದಲೇ ತನ್ನನ್ನು ಚಿತ್ರಿಸಿಕೊಳ್ಳುತ್ತಾಳೆ. ಹೊರಗಿನ ಸಣ್ಣ ಪರದೆಯಲ್ಲಿ ತಾನು ಚೌಕಟ್ಟಿನೊಳಗೆ ಇದ್ದೇನೋ ಇಲ್ಲವೋ ಎಂದು ಕಾಣುತ್ತದೆ. ಅವಳಿಗೆ ಫ್ಲಿಪ್ ಅಲಂಕಾರದ ವಸ್ತುವಲ್ಲ, ಕೆಲಸದ ಉಪಕರಣ.

ಕೊರತೆಗಳೂ ಇವೆ. ಒಳಗಿನ ಜಾಗ ಕಡಿಮೆ, ಹಾಗಾಗಿ ಬ್ಯಾಟರಿ ಚಿಕ್ಕದು: ಫ್ಲಿಪ್ 7ರಲ್ಲಿ 4300 ಎಂಎಎಚ್. ಇದಕ್ಕಿಂತ ಕಡಿಮೆ ಬೆಲೆಯ ಎಷ್ಟೋ ಮಾಮೂಲಿ ಫೋನುಗಳಲ್ಲಿ 5000 ಇರುತ್ತದೆ. ಹೊರಪರದೆಯಲ್ಲಿ ಕನ್ನಡ ಕೀಲಿಮಣೆ ತೆರೆದರೆ ಅರ್ಧ ಜಾಗ ಅದೇ ನುಂಗುತ್ತದೆ. "ಆಯ್ತು", "ಬರ್ತೀನಿ" ಎಂದು ಉತ್ತರಿಸಬಹುದು, ಪತ್ರ ಬರೆಯಲಾಗದು. ಎಲ್ಲ ಆ್ಯಪ್‌ಗಳೂ ಹೊರಪರದೆಯಲ್ಲಿ ತಾವಾಗಿಯೇ ತೆರೆಯುವುದಿಲ್ಲ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ. ತರಕಾರಿಯವನಿಗೆ ಹಣ ಕೊಡುವ ನಿಮ್ಮ ಆ್ಯಪ್ ಅಲ್ಲಿ ತೆರೆಯುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಇನ್ನೊಂದು, ಫ್ಲಿಪ್ ಬಿಚ್ಚಲು ಸಾಮಾನ್ಯವಾಗಿ ಎರಡು ಕೈ ಬೇಕು. ಬೆಳಿಗ್ಗೆ 8.20ರ ಲೇಡೀಸ್ ಡಬ್ಬದಲ್ಲಿ ಒಂದು ಕೈ ಮೇಲಿನ ಹಿಡಿಕೆಗೆ ಮೀಸಲು ಎಂಬುದನ್ನು ಮರೆಯಬೇಡಿ.

ಇನ್ನು ಫೋಲ್ಡ್. ಫ್ಲಿಪ್ 7ರ ಜೊತೆಗೇ ಬಂದ ಜೆಡ್ ಫೋಲ್ಡ್ 7 ಮುಚ್ಚಿದಾಗ 6.5 ಇಂಚಿನ ಫೋನು, ಬಿಚ್ಚಿದರೆ 8 ಇಂಚು. ತೂಕ 215 ಗ್ರಾಂ. ಅದೇ ಕಂಪನಿಯ ಮಡಚದ ಎಸ್25 ಅಲ್ಟ್ರಾ 218 ಗ್ರಾಂ. ಅಂದರೆ ಫೋಲ್ಡ್ ಇಟ್ಟಿಗೆಯಂತೆ ಭಾರ ಎಂಬ ಹಳೆಯ ದೂರು ಈಗ ಉಳಿದಿಲ್ಲ. ಬೆಲೆಯ ದೂರು ಉಳಿದಿದೆ: ಬಿಡುಗಡೆಯ ಬೆಲೆ 1,74,999ರಿಂದ ಶುರುವಾಗಿತ್ತು. ವಿವೊ ಎಕ್ಸ್ ಫೋಲ್ಡ್ 5 ಬಂದದ್ದು 1,49,999ಕ್ಕೆ, ಗೂಗಲ್‌ನ ಪಿಕ್ಸೆಲ್ 10 ಪ್ರೊ ಫೋಲ್ಡ್ 1,72,999ಕ್ಕೆ.

ಇಷ್ಟು ಹಣಕ್ಕೆ ಸಿಗುವುದೇನು? ಸಿನಿಮಾ ನೋಡಲು ಎಂದು ಕೊಳ್ಳುವುದಾದರೆ ಸ್ವಲ್ಪ ತಡೆಯಿರಿ. ಫೋಲ್ಡ್ 7ರ ಒಳಪರದೆ ಹೆಚ್ಚುಕಡಿಮೆ ಚೌಕ. ಸಿನಿಮಾ, ಯೂಟ್ಯೂಬ್ ಎಲ್ಲ ಉದ್ದನೆಯ ಚಿತ್ರ. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ನಾನು ಲೆಕ್ಕ ಹಾಕಿ ನೋಡಿದೆ: 8 ಇಂಚಿನ ಆ ಪರದೆಯಲ್ಲಿ ಮಾಮೂಲಿ ಯೂಟ್ಯೂಬ್ ಚಿತ್ರದ ಗಾತ್ರ ಸುಮಾರು 6.8 ಇಂಚು. 6.9 ಇಂಚಿನ ಎಸ್25 ಅಲ್ಟ್ರಾದಲ್ಲಿ ಅದೇ ಚಿತ್ರ 5.9 ಇಂಚು. ಹೆಚ್ಚಿಗೆ ಸಿಕ್ಕದ್ದು ಒಂದು ಇಂಚೂ ಅಲ್ಲ.

ಫೋಲ್ಡ್‌ನ ನಿಜವಾದ ಬೆಲೆ ಗೊತ್ತಾಗುವುದು ಓದುವಾಗ, ಅದರಲ್ಲೂ ಕನ್ನಡ ಓದುವಾಗ. ನಮ್ಮ ಹೆಚ್ಚಿನ ಕನ್ನಡ ಪುಸ್ತಕಗಳು ಡೆಮಿ 1/8 ಆಕಾರದವು, ಅಗಲ ಐದೂವರೆ ಇಂಚು. ಅದನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಮಾಮೂಲಿ ಫೋನಿನಲ್ಲಿ ತೆರೆದರೆ ಐದೂವರೆ ಇಂಚಿನ ಪುಟ ಮೂರು ಇಂಚಿಗಿಂತ ಕಡಿಮೆ ಅಗಲಕ್ಕೆ ಕುಗ್ಗುತ್ತದೆ. ಅಕ್ಷರ ಅರ್ಧವಾಗುತ್ತದೆ. ಇಂಗ್ಲಿಷ್ ಅಕ್ಷರ ಅರ್ಧವಾದರೂ ಹೇಗೋ ಓದಬಹುದು. ನಮ್ಮಲ್ಲಿ ಅಕ್ಷರದ ಕೆಳಗೆ ಒತ್ತಕ್ಷರ ಇದೆಯಲ್ಲ, ಅದು ಚುಕ್ಕೆಯಾಗಿಬಿಡುತ್ತದೆ. 'ತ'ದ ಒತ್ತೋ 'ನ'ದ ಒತ್ತೋ ಎಂದು ಊಹಿಸಿಕೊಂಡು ಓದಬೇಕು. ಎರಡು ಬೆರಳಲ್ಲಿ ಹಿಗ್ಗಿಸಿದರೆ ಸಾಲು ಆಚೆ ಹೋಗುತ್ತದೆ, ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಎಳೆಯಬೇಕು. ಬಿಚ್ಚಿದ ಫೋಲ್ಡ್ 7ರ ಅಗಲ ಸುಮಾರು 5.4 ಇಂಚು. ಅಂದರೆ ಡೆಮಿ ಪುಟ ಅಚ್ಚಾದ ಅಳತೆಯಲ್ಲೇ ಕಾಣುತ್ತದೆ. ಎತ್ತರ ಮಾತ್ರ ಸಾಲದು, ಸ್ವಲ್ಪ ಮೇಲಕ್ಕೆ ಸರಿಸಬೇಕು. ಹಳೆಯ ಕಾದಂಬರಿಗಳನ್ನು, ಊರಿನ ಪತ್ರಿಕೆಗಳ ಇ-ಪೇಪರನ್ನು ದಿನವೂ ಓದುವವರಿಗೆ ಇದು ಸಣ್ಣ ಮಾತಲ್ಲ. ಮುಂಬಯಿಯಲ್ಲಿ ಕನ್ನಡ ಪುಸ್ತಕ ಸಿಗುವ ಅಂಗಡಿ ಎಷ್ಟಿವೆ ಎಂದು ನಿಮಗೇ ಗೊತ್ತು.

ಎರಡನೆಯ ಉಪಯೋಗ ಕೆಲಸ. ಒಂದು ಬದಿಗೆ ಮೀಟಿಂಗು, ಇನ್ನೊಂದು ಬದಿಗೆ ಎಕ್ಸೆಲ್. ನಾನು ಬಳಸುವುದು ಪುಸ್ತಕದಂತೆ ತೆರೆಯುವ ಫೋನೇ, ಕಾರಣವೂ ಅದೇ. ತಿಂಗಳಿಗೊಂದು ವಾರ ನನಗೆ ಆನ್-ಕಾಲ್ ಇರುತ್ತದೆ. ಸರ್ವರ್ ಕೆಟ್ಟರೆ ಎಲ್ಲಿದ್ದರೂ ನೋಡಬೇಕು. ಠಾಣೆಯಲ್ಲಿ ಇಳಿದು ಐರೋಳಿಯ ಗಾಡಿಗೆ ಕಾಯುವಾಗ ಲ್ಯಾಪ್‌ಟಾಪ್ ತೆಗೆದು ಕೂರುವುದಕ್ಕೆ ಆಗದು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಫೋನು ಬಿಚ್ಚಿದರೆ ಎಲ್ಲಿ ತಪ್ಪಿದೆ ಎಂದು ಕಾಣುತ್ತದೆ. ಗಾಡಿ ಹತ್ತಿದ ಮೇಲೆ ಮುಚ್ಚಿ ಒಂದೇ ಕೈಯಲ್ಲಿ ಹಿಡಿಯಬಹುದು.

ಈ ಫೋನು ಕೊಳ್ಳಲು ಹೋದಾಗ ಅಂಗಡಿಯ ಹುಡುಗ ನನ್ನ ಮುಂದೆ ಇಟ್ಟದ್ದು ಫ್ಲಿಪ್‌ಗಳನ್ನು, ಅದೂ ಗುಲಾಬಿ ಮತ್ತು ತಿಳಿ ಹಸಿರು ಬಣ್ಣದವು. "ಮೇಡಂ, ಲೇಡೀಸ್ ಇದನ್ನೇ ತಗೊಳ್ಳೋದು. ಪೌಡರ್ ಡಬ್ಬಿ ಥರ ಇದೆ ನೋಡಿ." ಫೋಲ್ಡ್ ಕೇಳಿದಾಗ ನನ್ನ ಗಂಡನ ಕಡೆ ತಿರುಗಿ "ಸರ್‌ಗಾ?" ಅಂದ. ಅವನನ್ನು ಬೈದು ಉಪಯೋಗವಿಲ್ಲ, ಅವನಿಗೆ ಹಾಗೆ ಹೇಳಿಕೊಟ್ಟಿದ್ದಾರೆ. ಆದರೆ ನಾವು ಆ ಮಾತನ್ನು ಮನೆಗೆ ತರಬಾರದು. ಓದುವ, ಲೆಕ್ಕ ಬರೆಯುವ, ದುಡಿಯುವ ಹೆಂಗಸಿಗೆ ದೊಡ್ಡ ಪರದೆ ಬೇಕಾಗಬಹುದು. ಜೇಬಿನಲ್ಲಿ ಬೀಗದ ಕೈ, ಪಾಕೀಟು ತುರುಕಿಕೊಂಡು ಓಡಾಡುವ ಗಂಡಸಿಗೆ ಫ್ಲಿಪ್ ಸರಿಹೋಗಬಹುದು. ಫೋನಿನ ಮಡಿಕೆಗೆ ಹೆಣ್ಣು ಗಂಡು ಎಂದಿಲ್ಲ.

ಈಗ ಕಸದ ಮಾತಿಗೆ ಬರೋಣ. ಫೋನಿನ ಡಬ್ಬದ ಮೇಲೆ 'ಐಪಿ48' ಎಂದು ಬರೆದಿರುತ್ತದೆ. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. 8 ಎಂದರೆ ಸಿಹಿನೀರಿನಲ್ಲಿ ಮುಳುಗಿ ಬಂದರೂ ತಡೆಯುತ್ತದೆ, ಮುಂಬಯಿ ಮಳೆಗೆ ಸಾಕು. 4 ಎಂದರೆ ಒಂದು ಮಿಲಿಮೀಟರಿಗಿಂತ ದೊಡ್ಡ ಕಣ ಒಳಗೆ ಹೋಗದು. ಅದಕ್ಕಿಂತ ಸಣ್ಣದಕ್ಕೆ ಖಾತರಿ ಇಲ್ಲ. ಚಿರೋಟಿ ರವೆ, ಮೈದಾ, ರಂಗೋಲಿ ಪುಡಿ, ಜುಹು ಬೀಚಿನ ಮರಳು, ಎಲ್ಲವೂ ಅದಕ್ಕಿಂತ ಸಣ್ಣವು. ಫ್ಲಿಪ್ 7, ಫೋಲ್ಡ್ 7 ಎರಡೂ ಐಪಿ48. ಪಿಕ್ಸೆಲ್ 10 ಪ್ರೊ ಫೋಲ್ಡ್ ಐಪಿ68, ಧೂಳಿಗೂ ಪೂರ್ತಿ ತಡೆ. ಅಂಕಿಯ ಜಾಗದಲ್ಲಿ 'ಎಕ್ಸ್' ಇದ್ದರೆ ಆ ಪರೀಕ್ಷೆಯ ಅಂಕ ಕೊಟ್ಟಿಲ್ಲ ಎಂದರ್ಥ. ಹಿಟ್ಟಿನ ಕೈಯಲ್ಲಿ ಫೋನು ಮುಟ್ಟುವ ಅಭ್ಯಾಸ ಇದ್ದರೆ, ಮನೆಯಲ್ಲೇ ಚಕ್ಕುಲಿ, ಹೋಳಿಗೆ ಮಾಡಿ ಮಾರುತ್ತಿದ್ದರೆ, ಈ ಅಂಕಿ ನೋಡದೆ ಕೊಳ್ಳಬೇಡಿ.

ಇನ್ನೂ ನಾಲ್ಕು ವಿಷಯ, ಬೇಗ ಹೇಳಿಬಿಡುತ್ತೇನೆ. ಒಂದು, ಒಳಪರದೆಯ ಮೇಲಿನ ಪದರವನ್ನು ನೀವಾಗಿ ಕೀಳಬೇಡಿ. ಅಂಚು ಎದ್ದರೆ ಅಧಿಕೃತ ಸರ್ವಿಸ್ ಸೆಂಟರಿಗೇ ಹೋಗಿ, ರಸ್ತೆಬದಿಯ ಸ್ಕ್ರೀನ್‌ಗಾರ್ಡ್ ಅಂಗಡಿಗೆ ಬೇಡ. ಎರಡು, ಕೊಳ್ಳುವ ಮುಂಚೆ ಅದೇ ಸರ್ವಿಸ್ ಸೆಂಟರಿಗೆ ಫೋನು ಮಾಡಿ, ವಾರಂಟಿ ಮುಗಿದ ಮೇಲೆ ಒಳಪರದೆ ಹಾಕಿಸಲು ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆ ಮೊತ್ತವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ. ಆಗಲೂ ಬೇಕು ಅನಿಸಿದರೆ ಕೊಳ್ಳಿ. ಮೂರು, ಇವುಗಳಲ್ಲಿ ಆಯಸ್ಕಾಂತ ಇರುತ್ತದೆ, ಗಟ್ಟಿಯಾಗಿ ಮುಚ್ಚಿಕೊಳ್ಳಲೆಂದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಫೋನನ್ನು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು ಎಂದು ಅಮೆರಿಕದ ಎಫ್‌ಡಿಎ ಸಲಹೆ ಕೊಟ್ಟಿದೆ. ರವಿಕೆಯಲ್ಲಿ ಫೋನು ಸಿಕ್ಕಿಸಿಕೊಳ್ಳುವ ಹಿರಿಯರು ನಮ್ಮಲ್ಲಿದ್ದಾರೆ, ಅವರಿಗೆ ಇದನ್ನು ತಿಳಿಸಿ. ನಾಲ್ಕು, ಸಾಫ್ಟ್‌ವೇರ್ ಎಷ್ಟು ವರ್ಷ ಬರುತ್ತದೆ ಎಂದು ಕೇಳಿ. ಬ್ಯಾಂಕಿನ ಆ್ಯಪ್ ಇರುವ ಫೋನಿಗೆ ಸುರಕ್ಷೆಯ ಅಪ್‌ಡೇಟ್ ನಿಂತರೆ ಕಷ್ಟ. ಫ್ಲಿಪ್ 7, ಫೋಲ್ಡ್ 7ಕ್ಕೆ ಏಳು ವರ್ಷ ಎಂದು ಹೇಳಿದ್ದಾರೆ. ಎಲ್ಲರೂ ಅಷ್ಟು ಕೊಡುವುದಿಲ್ಲ.

ಕೊನೆಯದಾಗಿ, ಎರಡೂ ಬೇಡ ಎನ್ನುವವರ ಪರವಾಗಿಯೂ ಒಂದು ಮಾತು. ಶಿವಮೊಗ್ಗದಲ್ಲಿರುವ ನನ್ನ ಅಮ್ಮನಿಗೆ ಹೆಬ್ಬೆರಳ ಗಂಟು ನೋವು. ಫ್ಲಿಪ್ ಬಿಚ್ಚಲು ಅವರಿಗೆ ಕಷ್ಟವಾಯಿತು. ಫೋಲ್ಡ್ ಕೈಗೆ ಕೊಟ್ಟಾಗ "ಇದು ಬಿದ್ದರೆ ಎಂಬ ಯೋಚನೆಯಲ್ಲೇ ನನಗೆ ಓದಲಾಗುವುದಿಲ್ಲ" ಅಂದರು. ಅವರಿಗೆ ಬೇಕಿದ್ದದ್ದು ದೊಡ್ಡ ಅಕ್ಷರ ಮತ್ತು ಹೆದರಿಕೆ ಇಲ್ಲದ ಫೋನು. ಒಂದು ಮಾಮೂಲಿ ಫೋನು, ಓದಲು ಒಂದು ಟ್ಯಾಬ್ಲೆಟ್, ಎರಡೂ ಸೇರಿ ಒಂದು ಫೋಲ್ಡ್‌ನ ಕಾಲು ಭಾಗದ ಬೆಲೆಯಲ್ಲಿ ಆಯಿತು. ಆ ಟ್ಯಾಬ್ಲೆಟ್‌ನಲ್ಲಿ ಈಗ ದಿನವೂ ಪೇಪರ್ ಓದುತ್ತಾರೆ. ಮನೆಯಲ್ಲೇ ಕೂತು ಓದುವವರಿಗೆ ಮಡಚುವ ಅಗತ್ಯವೇ ಇಲ್ಲ. ದಾರಿಯಲ್ಲಿ ದೊಡ್ಡ ಪರದೆ ಬೇಕಾದವರು ಮಾತ್ರ ಮಡಿಕೆಗೆ ಹಣ ಕೊಡಬೇಕು.

ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಒಂದು ವಾರ ನಿಮ್ಮ ಫೋನಿನ ಮೇಲೆ ಕಣ್ಣಿಡಿ. ಎಷ್ಟು ಸಲ ಅಕ್ಷರ ಹಿಗ್ಗಿಸಿದಿರಿ? ಎಷ್ಟು ಸಲ ಇದನ್ನು ಎಲ್ಲಿಟ್ಟುಕೊಳ್ಳಲಿ ಎಂದು ಒದ್ದಾಡಿದಿರಿ? ಫೋನು ನಿಲ್ಲಿಸಲು ಸಕ್ಕರೆ ಡಬ್ಬ ಹುಡುಕಿದ್ದು ಎಷ್ಟು ಸಲ? ಕ್ಯಾಲೆಂಡರಿನ ಮೇಲೆ ಗೆರೆ ಹಾಕುತ್ತ ಹೋಗಿ. ಮೊದಲನೆಯದು ಹೆಚ್ಚಾದರೆ ಫೋಲ್ಡ್ ನೋಡಿ, ಎರಡನೆಯದು, ಮೂರನೆಯದು ಹೆಚ್ಚಾದರೆ ಫ್ಲಿಪ್. ಗೆರೆಗಳೇ ಇಲ್ಲದಿದ್ದರೆ ಹಣ ಉಳಿಯಿತು. ಅಂಗಡಿಯಲ್ಲಿ ಹತ್ತು ನಿಮಿಷ ನಿಮ್ಮ ಕೈಯಲ್ಲೇ ಹಿಡಿಯಿರಿ. ಒಂದೇ ಕೈಯಲ್ಲಿ ತೆಗೆದು ನೋಡಿ, ಕನ್ನಡದಲ್ಲಿ ನಾಲ್ಕು ಸಾಲು ಟೈಪ್ ಮಾಡಿ, ನಿಮ್ಮದೇ ಕನ್ನಡಕ ಹಾಕಿಕೊಂಡು ಒಂದು ಪುಟ ಓದಿ. ಜೊತೆಗೆ ಬಂದವರು ಅವಸರ ಮಾಡಿದರೆ, ಸೀರೆ ಅಂಗಡಿಯಲ್ಲಿ ಏನು ಹೇಳುತ್ತೀರೋ ಅದನ್ನೇ ಹೇಳಿ: "ಸ್ವಲ್ಪ ಕೂತ್ಕೊಳ್ಳಿ, ನಾನು ಇನ್ನೂ ನೋಡ್ತಾ ಇದ್ದೀನಿ."